ಮನೆ ಪೂರ್ತಿ ನಡೆಸುವ ಇನ್ವರ್ಟರ್ ಬೇಡ, ನಾಲ್ಕು ರಾತ್ರಿ ಉರಿಯುವ ಮೂರು ದೀಪ ಸಾಕು

ಮಲೆನಾಡಿನ ಹಳ್ಳಿಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ ಇರುವಾಗ, ಮಳೆಗಾಲದಲ್ಲಿ ನಾಲ್ಕೈದು ದಿನ ಕರೆಂಟ್ ಇಲ್ಲದಿದ್ದರೂ ಫ್ರಿಜ್ ಸಹಿತ ಇಡೀ ಮನೆ ನಡೆಯಲು ಎಷ್ಟು ದೊಡ್ಡ ಇನ್ವರ್ಟರ್ ಬೇಕು ಎಂದು ಕೇಳಿದ್ದೀರಿ. 2019ರ ಆಗಸ್ಟ್‌ವರೆಗೆ ನಾನೂ ಹೀಗೆಯೇ ಯೋಚಿಸುತ್ತಿದ್ದೆ.

ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಕಾಡಿನ ನಡುವೆ ಹಾದು ಬರುವ ಲೈನಿನ ಮೇಲೆ ಆ ವಾರದ ಮಳೆಗಾಳಿಗೆ ಮರಗಳು ಉರುಳಿ, ಒಂದು ಸಂಜೆ ಹೋದ ಕರೆಂಟ್ ಆರನೆಯ ದಿನಕ್ಕೆ ಬಂದಿತು. 150 ಆಂಪಿಯರ್ ಅವರ್‌ನ ಬ್ಯಾಟರಿ ಇದ್ದುದರಿಂದ ನನಗೆ ಧೈರ್ಯವಿತ್ತು. ಅಮ್ಮನ ಇನ್ಸುಲಿನ್ ಕೆಡಬಾರದೆಂದು ಫ್ರಿಜ್ಜನ್ನೂ ಇನ್ವರ್ಟರಿಗೆ ಸೇರಿಸಿದೆ. ಮರುದಿನ ಸಂಜೆಯ ಹೊತ್ತಿಗೆ ಕೆಂಪು ದೀಪ ಮಿನುಗಿ, ಇನ್ವರ್ಟರ್ ತಾನಾಗಿಯೇ ನಿಂತಿತು.

ನಾನು ತಪ್ಪಿದ್ದು ಇಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಇನ್ವರ್ಟರ್ ಮತ್ತೆ ಐದು ನಿಮಿಷ ನಡೆಯುತ್ತಿತ್ತು. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿದೆ ಎಂದುಕೊಂಡು ನಾನು ಹತ್ತು ಹನ್ನೆರಡು ಸಲ ಹಾಗೆ ಮಾಡಿದೆ. ಭಾರ ತೆಗೆದಾಗ ಬರಿದಾದ ಬ್ಯಾಟರಿಯ ವೋಲ್ಟೇಜ್ ಕೂಡ ತುಸು ಮೇಲೇಳುತ್ತದೆ, ಅದು ಉಳಿದ ಶಕ್ತಿಯ ಲಕ್ಷಣವಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಹೀಗೆ ತಳದವರೆಗೆ ಹಿಂಡಿದ ಸೀಸ–ಆಮ್ಲದ ಬ್ಯಾಟರಿ ಉಳಿದ ದಿನಗಳೆಲ್ಲ ಬರಿದಾಗಿಯೇ ಕುಳಿತಿದ್ದರಿಂದ, ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟಿತು. ಕರೆಂಟ್ ಬಂದ ಮೇಲೆ ಎರಡು ದಿನ ಚಾರ್ಜ್ ಮಾಡಿದರೂ ಅದು ಅರ್ಧ ಗಂಟೆ ನಿಲ್ಲಲಿಲ್ಲ.

ಬ್ಯಾಟರಿಯ ದುಡ್ಡಿನ ಮಾತು ಬಿಡಿ. ಇನ್ವರ್ಟರ್ ನಿಂತ ಆ ರಾತ್ರಿ ಬಚ್ಚಲಿಗೆಂದು ಎದ್ದ ಅಮ್ಮ ಕತ್ತಲೆಯಲ್ಲಿ ಹೊಸ್ತಿಲು ಎಡವಿ ಬಿದ್ದರು, ಬಲಗೈಯ ಮಣಿಕಟ್ಟು ಮುರಿಯಿತು. ಫೋನುಗಳೂ ಸತ್ತಿದ್ದವು, ಜೀಪಿನವರನ್ನು ಕರೆಯುವಂತಿರಲಿಲ್ಲ. ಅಡಿಕೆ ಹಾಳೆಯನ್ನು ಮೊಳದುದ್ದ ಕೊಯ್ದು, ಹಳೆಯ ಪಂಚೆ ಹರಿದು, ಕೈಯನ್ನು ಅದಕ್ಕೆ ಕಟ್ಟಿ ಬೆಳಗಾಗುವುದನ್ನೇ ಕಾದೆವು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ 25 ಡಿಗ್ರಿಯ ಒಳಗಿನ ಕೋಣೆಯಲ್ಲಿ ಸುಮಾರು 28 ದಿನ ಕೆಡುವುದಿಲ್ಲ. ನಮ್ಮ ಆಗಸ್ಟಿನ ಚಳಿಗೆ ನಡುಮನೆಯ ಗೂಡೇ ಸಾಕಾಗಿತ್ತು. ನಿಮ್ಮ ಮನೆಯಲ್ಲಿಯೂ ಅಂಥ ಔಷಧವಿದ್ದರೆ ಅದರ ಚೀಟಿ ಓದಿ, ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಆದ್ದರಿಂದ ನೀವು ಕೇಳಿದ ದೊಡ್ಡ ಇನ್ವರ್ಟರನ್ನು ನಾನು ಸೂಚಿಸಲಾರೆ. ಅದು ತುಂಬಿಟ್ಟ ಹಂಡೆಯಿದ್ದಂತೆ, ಕರೆಂಟ್ ಬಾರದೆ ಮತ್ತೆ ತುಂಬದು. ಎರಡು ಬ್ಯಾಟರಿ ಹಾಕಿದರೆ ಫ್ರಿಜ್ ಇನ್ನೊಂದು ದಿನ ನಡೆದೀತು, ಆಮೇಲೆ ಅದೇ ಕತ್ತಲೆ. ಆಷಾಢದ ಮೋಡದಲ್ಲಿ ಸೌರ ಫಲಕವನ್ನೂ ನೆಚ್ಚಿಕೊಳ್ಳಬೇಡಿ. ಜನರೇಟರ್ ತಂದರೆ ಅದನ್ನು ಜಗಲಿಯಲ್ಲಿಯೂ ಇಡಕೂಡದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಕೊಲ್ಲುತ್ತದೆ.

ಲೆಕ್ಕ ಹೀಗಿದೆ: 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಹೊಸದಿದ್ದಾಗ 1800 ವ್ಯಾಟ್ ಅವರ್, ಅದರಲ್ಲಿ ಅರ್ಧವನ್ನಷ್ಟೇ ನಮ್ಮದೆಂದು ತಿಳಿಯಬೇಕು. 9 ವ್ಯಾಟಿನ ಮೂರು ಎಲ್‌ಇಡಿ ದೀಪಗಳನ್ನು ಮಾತ್ರ ಉರಿಸಿ, ಉಳಿದ ಹೊತ್ತು ಇನ್ವರ್ಟರನ್ನೇ ಆರಿಸಿಟ್ಟರೆ, ಅದು ತನಗಾಗಿ ನುಂಗುವುದನ್ನು ಸೇರಿಸಿದರೂ ದಿನಕ್ಕೆ ಐದು ಗಂಟೆಯಂತೆ ನಾಲ್ಕು ದಿನ ಬರುತ್ತದೆ. ಫ್ರಿಜ್, ಮಿಕ್ಸಿ, ಟಿವಿಗಳ ತಂತಿಯನ್ನು ಇನ್ವರ್ಟರಿನಿಂದ ಬೇರ್ಪಡಿಸಿಬಿಡಿ. ಬಚ್ಚಲ ದಾರಿಗೆ ಪ್ರತ್ಯೇಕವಾಗಿ ಒಂದು ಚಾರ್ಜಿಂಗ್ ದೀಪವಿರಲಿ. ಪಂಪು ಬಂದ ಮೇಲೆ ಬಾವಿಯ ರಾಟೆ, ಹಗ್ಗಗಳನ್ನು ಅಟ್ಟಕ್ಕೆ ಹಾಕಿದ್ದರೆ ಕೆಳಗಿಳಿಸಿ.

ನಾವು ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ತುಂಬಿ, ಒಂದು ಸಂಜೆ ಮೇನ್ ಸ್ವಿಚ್ ತೆಗೆದು ಬೆಳಗಿನವರೆಗೆ ಹಾಗೆಯೇ ಇರುತ್ತೇವೆ. ಎಲ್ಲಿ ಕತ್ತಲೆ ಉಳಿಯುತ್ತದೆ ಎಂಬುದನ್ನು ಅಮ್ಮನೇ ನಡೆದು ನೋಡಿ ಹೇಳುತ್ತಾರೆ.