ಹೌಸಿಂಗಿಗೆ ನೀರು, ಕಚ್ಚಿಕೊಂಡ ಲಿವರ್: ಹಳೆ ಜೀಪಿನ ಪ್ರಶ್ನೋತ್ತರ

ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಸಿಜೆ 3ಬಿ, ಎಂಎಂ 540 ತರಹದ ಹಳೆ ಫೋರ್ ವೀಲ್ ಜೀಪುಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ. ಎಲ್ಲವೂ ಮನೆಯಂಗಳದಲ್ಲೇ ಮಾಡಬಹುದಾದ ಕೆಲಸ. ಒಂದು ಮಾತು ಮೊದಲೇ ಹೇಳಬೇಕು: ಈ ಗಾಡಿಗಳ ಕಾಯಿಲೆಗಳಲ್ಲಿ ಹೆಚ್ಚಿನವು ಎಲ್ಲೋ ನೀರು ಹೊಕ್ಕಿದ್ದರಿಂದ ಬಂದವು, ಇಲ್ಲವೇ ಎಲ್ಲೋ ಆಟ (ಜೋಡಣೆಯಲ್ಲಿ ಸಡಿಲ) ಬಂದಿದ್ದರಿಂದ. ಎರಡರಲ್ಲಿ ಯಾವುದು, ಎಲ್ಲಿ ಎಂದು ಗೊತ್ತಾಗುವವರೆಗೆ ಅಂಗಡಿಗೆ ಹೋಗಿ ಸಾಮಾನು ತರಬೇಡಿ.

ಪ್ರಶ್ನೆ: ತೋಟಕ್ಕೆ ಹೋಗಲು ದಿನಾ ಹಳ್ಳ ದಾಟಬೇಕು. ಹಿಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಆಕ್ಸಲ್, ಗೇರುಗಳ ಕವಚ) ಪ್ಲಗ್ ಬಿಚ್ಚಿದರೆ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದೆ. ಆಯಿಲ್ ಸೀಲ್ ಹಾಕಿಸಿ ಎರಡು ವರ್ಷವೂ ಆಗಿಲ್ಲ. ಮತ್ತೆ ಬದಲಿಸಬೇಕೇ? — ಓದುಗರು, ಮೂಡಿಗೆರೆ

ಉತ್ತರ: ಸೀಲ್ ಮುಟ್ಟುವ ಮೊದಲು ಹೌಸಿಂಗಿನ ಮೇಲ್ಭಾಗದಲ್ಲಿರುವ ಬ್ರೀದರ್ (ಗಾಳಿಯಾಡುವ ಕಿಂಡಿ) ನೋಡಿ. ಹೆಬ್ಬೆರಳ ಉಗುರಿನಷ್ಟು ಚಿಕ್ಕ ಭಾಗ. ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ಅಲ್ಲಿ ಬ್ರೀದರ್ ಇದೆ ಎಂಬುದೇ ಕಾಣುವುದಿಲ್ಲ. ಗಾಡಿ ಓಡಿದಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದೇ ಬಿಸಿಯಲ್ಲಿ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಗಾಳಿ ಒಮ್ಮೆಲೇ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ತೆರೆದಿದ್ದರೆ ಅದರ ಮೂಲಕ ಗಾಳಿ ಬರುತ್ತದೆ. ಕಟ್ಟಿಕೊಂಡಿದ್ದರೆ ಆ ಎಳೆತ ಬೀಳುವುದು ಸೀಲಿನ ತುಟಿಯ ಮೇಲೆ, ಅಲ್ಲಿಂದ ನೀರು ಒಳಗೆ ಬರುತ್ತದೆ. ಆಯಿಲ್ ಸೀಲನ್ನು ಮಾಡಿರುವುದು ಒಳಗಿನ ಎಣ್ಣೆ ಹೊರಗೆ ಹೋಗದಿರಲೆಂದು. ಹೊರಗಿನ ನೀರನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹೀಗಾಗಿ ಹೊಸ ಸೀಲ್ ಹಾಕಿದರೂ ಮುಂದಿನ ಮಳೆಗಾಲಕ್ಕೆ ಇದೇ ಕಥೆ.

ಆಯಿಲ್ ಬದಲಿಸುವ ಕ್ರಮ ಹೀಗೆ. ಹಿಂದಿನ ರಾತ್ರಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಬೆಳಿಗ್ಗೆ ಮೊದಲು ಪಕ್ಕದ ಫಿಲ್ಲರ್ ಪ್ಲಗ್ ಸಡಿಲಿಸಿ, ಅದು ಬಂದ ಮೇಲಷ್ಟೇ ಕೆಳಗಿನ ಡ್ರೈನ್ ಪ್ಲಗ್‌ಗೆ ಕೈ ಹಾಕಿ. ಇದು ತಿರುವುಮುರುವಾದರೆ, ಆಯಿಲೆಲ್ಲ ಸುರಿದ ಮೇಲೆ ತುಕ್ಕು ಹಿಡಿದ ಫಿಲ್ಲರ್ ಪ್ಲಗ್ ಬಿಚ್ಚದೆ, ಹೊಸ ಆಯಿಲ್ ತುಂಬಲು ದಾರಿಯಿಲ್ಲದೆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಡ್ರೈನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ನಿಧಾನ ಸಡಿಲಿಸಿ. ನೀರು ಆಯಿಲಿಗಿಂತ ಭಾರವಾದ್ದರಿಂದ ಬೆರೆಯದೆ ತಳದಲ್ಲಿ ನಿಂತದ್ದು ಮೊದಲು ಬರುತ್ತದೆ. ಎಷ್ಟು ಬಂತು ಎಂದು ಒಂದು ಬಾಟಲಿಯಲ್ಲಿ ಹಿಡಿದು ನೋಡಿದರೆ ರೋಗ ಎಷ್ಟು ಹಳೆಯದು ಎಂಬ ಅಂದಾಜು ಸಿಗುತ್ತದೆ. ಡ್ರೈನ್ ಪ್ಲಗ್ ಇಲ್ಲದ ಹೌಸಿಂಗ್ ಆದರೆ ಹಿಂದಿನ ಕವರ್ ಸಡಿಲಿಸಿ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಕೈಯಲ್ಲಿರಲಿ.

ಪ್ಲಗ್ಗಿನ ಮೇಲೆ ಕಾಡಿಗೆಯಂಥ ಬೂದು ಮೆತ್ತಿದ್ದರೆ ಭಯವಿಲ್ಲ, ಅದು ಸವೆತದ ಪುಡಿ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಗಾಡಿ ಓಡಿಸಬೇಡಿ. ಬೇರಿಂಗೋ ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ಕೊಡುವ ಗೇರ್ ಜೋಡಿ) ಹಲ್ಲೋ ಹೋಗಿದೆ, ಬಿಚ್ಚಲೇಬೇಕು. ಒಳಗೆ ತೊಳೆಯಲು ಡೀಸೆಲ್ ಅಥವಾ ಸೀಮೆಎಣ್ಣೆ ಸುರಿಯುವ ರೂಢಿ ಬೇಡ. ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳುಮಾಡಿ ಬೇರಿಂಗನ್ನು ತಿನ್ನುತ್ತದೆ. ಕಡಿಮೆ ಬೆಲೆಯದಾದರೂ ಹೊಸದಾದ ಗೇರ್ ಆಯಿಲ್ ತುಂಬಿ 15-20 ಕಿ.ಮೀ. ಓಡಿಸಿ, ಬಿಸಿ ಇರುವಾಗಲೇ ಇಳಿಸಿ, ಅನಂತರ ಒಳ್ಳೆಯ 80ಡಬ್ಲ್ಯೂ-90, ಜಿಎಲ್-5 ತುಂಬಿ (ಮೊದಲನೆಯದು ಆಯಿಲಿನ ದಪ್ಪ, ಎರಡನೆಯದು ಅದರ ದರ್ಜೆ). ಒಂದು ಹೌಸಿಂಗಿಗೆ ಸುಮಾರು 1.2 ಲೀಟರ್ ಹಿಡಿಯುತ್ತದೆ, ಆದರೆ ನಿಜವಾದ ಅಳತೆ ಫಿಲ್ಲರ್ ತೂತು. ಆಯಿಲ್ ಅದರ ಅಂಚಿಗೆ ಬಂದು ತುಳುಕಿದರೆ ಸಾಕು. ಬಣ್ಣ ಮತ್ತೆ ಮಸುಕಾದರೆ ಇನ್ನೊಂದು ಸಲ ಬದಲಿಸಿ. ಈ ಕೆಲಸದಲ್ಲಿ ಆಯಿಲ್ ಉಳಿಸುವುದು ಉಳಿತಾಯವಲ್ಲ.

ಇನ್ನು ಬ್ರೀದರ್. ಬಿಚ್ಚಿ, ತೊಳೆದು, ಬಾಯಲ್ಲಿ ಊದಿ ಪರೀಕ್ಷಿಸಿ. ಹಳ್ಳ ದಾಟುವ ಗಾಡಿಗೆ ಅಷ್ಟು ಸಾಲದು. ಬ್ರೀದರ್ ಜಾಗಕ್ಕೆ ಪೈಪು ಕೂರುವ ನಿಪ್ಪಲ್ ಹಾಕಿ, ಡೀಸೆಲ್ ತಡೆಯುವ 8 ಮಿ.ಮೀ. ರಬ್ಬರ್ ಪೈಪನ್ನು ಬಾನೆಟ್ ಒಳಗಿನ ಗೋಡೆಯವರೆಗೆ ತನ್ನಿ. ಕಮಾನು (ಸ್ಪ್ರಿಂಗ್ ಪಟ್ಟಿ) ಪೂರ್ತಿ ಇಳಿದಾಗಲೂ ಎಳೆಯದಷ್ಟು ಸಡಿಲು ಬಿಡಿ, ಸೈಲೆನ್ಸರ್ ಪೈಪಿನಿಂದ ದೂರವಿರಲಿ, ತುದಿ ಕೆಳಮುಖವಾಗಿರಲಿ. ತುದಿಗೊಂದು ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದರೆ ಧೂಳೂ ಹೋಗದು. ಮುಂದಿನ ಹೌಸಿಂಗಿಗೂ ಹೀಗೆಯೇ ಮಾಡಿ. ಹಳ್ಳಕ್ಕೆ ಇಳಿಸುವ ಮೊದಲು ಐದು-ಹತ್ತು ನಿಮಿಷ ನಿಲ್ಲಿಸಿ ಹೌಸಿಂಗ್ ಆರಲು ಬಿಡುವುದೂ ಒಳ್ಳೆಯದು.

ಹಿಂದಿನ ಹೌಸಿಂಗಿಗೆ ನೀರು ಹೊಕ್ಕಿದ್ದರೆ ಮುಂದಿನದಕ್ಕೂ ಹೊಕ್ಕಿರುತ್ತದೆ ಎಂದೇ ತಿಳಿಯಿರಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಎರಡರ ಪ್ಲಗ್ಗೂ ತೆಗೆದು ನೋಡಿ. ಮುಂದಿನ ಚಕ್ರದ ಹಿಂದೆ ಉಂಡೆಯಾಕಾರದ ಮುಚ್ಚಿದ ನಕಲ್ (ಸ್ಟಿಯರಿಂಗ್ ಜೊತೆ ತಿರುಗುವ ಗಂಟು) ಇರುವ ಹಳೆಯ ಮಾದರಿಯಾದರೆ ಅದರೊಳಗಿನ ಗ್ರೀಸನ್ನೂ ನೋಡಬೇಕು. ಅಲ್ಲಿ ನೀರು ನಿಂತರೆ ಒಳಗಿನ ಆಕ್ಸಲ್ ಜಾಯಿಂಟ್ ತುಕ್ಕು ಹಿಡಿದು ತಿರುವಿನಲ್ಲಿ ಕಟಕಟ ಶುರುವಾಗುತ್ತದೆ, ಆ ಜಾಯಿಂಟ್ ಅಗ್ಗದ ಸಾಮಾನಲ್ಲ.

ಪ್ರಶ್ನೆ: ಕೆಸರು ದಾಟಿದ ಮೇಲೆ ಫೋರ್ ವೀಲ್ ಲಿವರ್ ತೆಗೆಯಲು ಮರೆತು ಐದಾರು ಕಿ.ಮೀ. ಟಾರು ರಸ್ತೆಯಲ್ಲಿ ಬಂದೆ. ಈಗ ಲಿವರ್ ಅಲುಗುತ್ತಿಲ್ಲ. ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಕೇ? — ಓದುಗರು, ಸೋಮವಾರಪೇಟೆ

ಉತ್ತರ: ಬಿಚ್ಚಬೇಡಿ, ಸುತ್ತಿಗೆಯನ್ನಂತೂ ಮುಟ್ಟಲೇಬೇಡಿ. ಸ್ಟಿಯರಿಂಗ್ ನೇರ ಮಾಡಿ, ರಿವರ್ಸ್ ಹಾಕಿ, ಐದು-ಹತ್ತು ಮೀಟರ್ ನಿಧಾನ ಹಿಂದಕ್ಕೆ ಹೋಗುತ್ತಾ ಲಿವರನ್ನು ಹಗುರವಾಗಿ ಎಳೆದು ಹಿಡಿದಿರಿ. ತಾನಾಗಿ ಬಿಡುತ್ತದೆ. ಬಿಡದಿದ್ದರೆ ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ನೆಲದಿಂದ ಎತ್ತಿ. ಚಕ್ರ ಸ್ವಲ್ಪ ತಿರುಗಿ ತಿರುಚು ಬಿಟ್ಟುಕೊಳ್ಳುತ್ತದೆ. ಚಕ್ರ ಒಮ್ಮೆಲೇ ತಿರುಗಬಹುದು, ಕೈ-ಕಾಲು ದೂರವಿರಲಿ.

ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ನಡುವೆ ಡಿಫರೆನ್ಷಿಯಲ್ (ಎರಡು ಕಡೆಗೆ ಬೇರೆಬೇರೆ ವೇಗ ಬಿಟ್ಟುಕೊಡುವ ಗೇರ್ ಜೋಡಣೆ) ಇಲ್ಲ. ಫೋರ್ ವೀಲ್ ಹಾಕಿದೊಡನೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೋಗುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಟಾರಿನ ಮೇಲೆ ಜಾರದು. ಆಗ ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಗೇರಿನ ಹಲ್ಲುಗಳನ್ನು ಒತ್ತಿ ಹಿಡಿಯುತ್ತವೆ.

ನೇರ ರಸ್ತೆಯಲ್ಲಿ ಅರ್ಧ ಕಿ.ಮೀ. ಹೋದರೂ ಲಿವರ್ ಕಚ್ಚುತ್ತಿದ್ದರೆ ಟೈರು ನೋಡಿ. ಹಿಂದೆ ಹೊಸದು, ಮುಂದೆ ಸವೆದದ್ದು ಹಾಕುವ ಅಭ್ಯಾಸ ಟೂ ವೀಲ್‌ನಲ್ಲಿ ನಡೆದೀತು, ಫೋರ್ ವೀಲ್‌ನಲ್ಲಿ ಅಲ್ಲ. ದರ್ಜಿಯ ಟೇಪಿನಿಂದ ನಾಲ್ಕೂ ಟೈರಿನ ಸುತ್ತಳತೆ ತೆಗೆಯಿರಿ. 6.00-16 ಟೈರಿನ ಸುತ್ತಳತೆ ಸುಮಾರು 2.27 ಮೀಟರ್. ಮುಂದಕ್ಕೂ ಹಿಂದಕ್ಕೂ ಬರೀ 2 ಸೆಂ.ಮೀ. ವ್ಯತ್ಯಾಸವಿದ್ದರೆ ಒಂದು ಕಿ.ಮೀ.ಗೆ ಚಕ್ರ 440 ಸುತ್ತು ತಿರುಗುವಷ್ಟರಲ್ಲಿ ಅದು ಸುಮಾರು 9 ಮೀಟರ್ ಆಗುತ್ತದೆ. ಆ 9 ಮೀಟರಿನ ಜಗ್ಗಾಟವನ್ನು ಗೇರು, ಯುಜೆ ಕ್ರಾಸುಗಳೇ (ಶಾಫ್ಟಿನ ಕೀಲುಗಳು) ಹೊರಬೇಕು.

ಟೈರು ಸರಿಯಿದ್ದೂ ಕಚ್ಚಿದರೆ ಇನ್ನೊಂದು ಅನುಮಾನ ಉಳಿಯುತ್ತದೆ. ಬೇರೆ ಗಾಡಿಯ ಹೌಸಿಂಗ್ ಕೂರಿಸಿದ ಜೀಪಾದರೆ ಮುಂದಿನ, ಹಿಂದಿನ ಕ್ರೌನ್-ಪಿನಿಯನ್ ಅನುಪಾತ ಬೇರೆಬೇರೆ ಇರಬಹುದು. 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್ ಆದರೆ 5.38, 39ಕ್ಕೆ 8 ಆದರೆ 4.88. ಬಿಚ್ಚದೆ ತಿಳಿಯುವ ದಾರಿ ಇದೆ: ಗೇರ್ ನ್ಯೂಟ್ರಲ್, ಫೋರ್ ವೀಲ್ ತೆಗೆದಿರಲಿ, ಒಂದು ಹಿಂದಿನ ಚಕ್ರವನ್ನು ಮಾತ್ರ ಎತ್ತಿ, ಚಕ್ರಕ್ಕೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಿ. ಐದಕ್ಕೆ ತುಸು ಕಡಿಮೆಯಾದರೆ 4.88, ಐದೂ ಕಾಲು ದಾಟಿದರೆ 5.38. ಮುಂದೆಯೂ ಇದೇ ಲೆಕ್ಕ. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಸಾಧನ) ಇದ್ದರೆ ಎರಡನ್ನೂ ಲಾಕ್ ಮಾಡಿರಬೇಕು.

ಒಂದು ಎಚ್ಚರಿಕೆ ದಯವಿಟ್ಟು ಗಮನಿಸಿ. ಹಳೆಯ ಸಿಜೆ ಮಾದರಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸಣ್ಣ ಡ್ರಮ್ಮಿನಲ್ಲಿ. ಅದು ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫರೆನ್ಷಿಯಲ್ ಮೂಲಕ ಆ ಚಕ್ರ ತಿರುಗಲು ಸ್ವತಂತ್ರ, ಹಾಗಾಗಿ ನೆಲದ ಮೇಲಿರುವ ಚಕ್ರವೂ ಸ್ವತಂತ್ರ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಜಾಕಿಯಿಂದ ಉರುಳುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು, ಹೌಸಿಂಗಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಲ್ಲದೆ ಗಾಡಿಯಡಿ ತಲೆ ಹಾಕಬೇಡಿ.

ಪ್ರಶ್ನೆ: 50 ಕಿ.ಮೀ. ವೇಗದಲ್ಲಿ ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಎಡಬಲ ಹೊಡೆದಾಡುತ್ತದೆ, ಗಾಡಿ ಪೂರ್ತಿ ನಿಧಾನ ಮಾಡುವವರೆಗೆ ನಿಲ್ಲುವುದಿಲ್ಲ. ಸ್ಟಿಯರಿಂಗ್ ಡ್ಯಾಂಪರ್ (ಹೊಡೆದಾಟ ತಗ್ಗಿಸುವ ಸಾಧನ) ಹಾಕಿಸಲು ಹೇಳುತ್ತಾರೆ. — ಓದುಗರು, ತೀರ್ಥಹಳ್ಳಿ

ಉತ್ತರ: ಡ್ಯಾಂಪರ್ ಕೊನೆಗೆ. ಎಲ್ಲೋ ಬಂದಿರುವ ಆಟವನ್ನು ಅದು ಮುಚ್ಚಿಡುತ್ತದೆ, ಒಳಗೆ ಸವೆತ ಮುಂದುವರಿಯುತ್ತದೆ. ಮೊದಲು ಮುಂದಿನ ಟೈರುಗಳ ಗಾಳಿ ಸಮ ಮಾಡಿ, ಬ್ಯಾಲೆನ್ಸ್ ಮಾಡಿಸಿ. ನಂತರ ಮುಂದಿನ ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್, ಆಗಲೂ ಉಳಿದರೆ ಕಿಂಗ್ ಪಿನ್ (ನಕಲ್ ತಿರುಗುವ ಗೂಟ). ಎಡ-ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರ ಜೋಡಿಸುವ ಸರಳಿನ ತುದಿಯ ಕೀಲು). ಅದನ್ನು ಬೆರಳಿನಲ್ಲಿ ಹಿಡಿದರೆ ಟಕ್ ಎಂಬುದು ಕೈಗೇ ತಾಗುತ್ತದೆ.

ವೀಲ್ ಬೇರಿಂಗ್ ಬಿಗಿಮಾಡುವಾಗ ಚಕ್ರ ತಿರುಗಿಸುತ್ತಲೇ ಒಳಗಿನ ನಟ್ಟನ್ನು ಚಕ್ರ ಭಾರವಾಗುವವರೆಗೆ ಬಿಗಿಮಾಡಿ, ಆಮೇಲೆ ಸುತ್ತಿನ ಆರನೇ ಒಂದು ಪಾಲು ಹಿಂದಕ್ಕೆ ಬಿಡಿ. ಲಾಕ್ ವಾಷರ್, ಹೊರಗಿನ ನಟ್ ಹಾಕಿದ ಮೇಲೆ ಮತ್ತೆ ಅಲುಗಿಸಿ ನೋಡಲೇಬೇಕು, ಏಕೆಂದರೆ ಹೊರಗಿನ ನಟ್ ಬಿಗಿಯಾಗುವಾಗ ಒಳಗಿನದನ್ನು ಒತ್ತುತ್ತದೆ. ಹತ್ತು ಕಿ.ಮೀ. ಓಡಿಸಿ ಹಬ್ ಮುಟ್ಟಿ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ. ಕಿಂಗ್ ಪಿನ್ ಬೇರಿಂಗಿನ ಆಟ ತೆಗೆಯುವುದು ಮುಚ್ಚಳದಡಿಯ ಶಿಮ್ (ತೆಳು ತಗಡು) ಕಡಿಮೆ ಮಾಡಿ. ಟೈ ರಾಡ್ ಬಿಡಿಸಿ, ಮೇಲೊಂದು ಕೆಳಗೊಂದು ಸಮದಪ್ಪದ ತೆಳು ಶಿಮ್ ತೆಗೆಯುತ್ತಾ ಹೋಗಿ. ನಕಲ್ ಕೈಯಿಂದ ತಿರುಗಿಸಿದರೆ ತುಸು ತಡೆಯಬೇಕು, ಕಚ್ಚಬಾರದು.

ಕೊನೆಗೆ ಟೋ-ಇನ್: ಚಕ್ರಗಳ ನಡುವಿನ ಅಳತೆ ಹಿಂದಿಗಿಂತ ಮುಂದೆ 1ರಿಂದ 2 ಮಿ.ಮೀ. ಕಡಿಮೆ ಇರಲಿ. ಕಮಾನಿನ ಬುಷ್, ಯು-ಬೋಲ್ಟ್ ಸಡಿಲವಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಆಗಲು ಬಹಳ ಹೊತ್ತು, ಬಿಳಿ ಹೊಗೆ. ಡೀಸೆಲ್ ಪಂಪನ್ನು ಕ್ಯಾಲಿಬ್ರೇಷನ್‌ಗೆ ಕೊಡಬೇಕೇ? — ಓದುಗರು, ಶಿರಸಿ

ಉತ್ತರ: ಮೈಕೋ ಕಂಪನಿಯ ಆ ಪಂಪನ್ನು ಬಿಚ್ಚುವುದು ಕೊನೆಯ ಕೆಲಸ. ಎಂಎಂ 540ರ 2112 ಸಿಸಿ ಪ್ಯೂಜೋ ಎಕ್ಸ್‌ಡಿಪಿ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಯಲ್ಲಿ ಉರಿಯುತ್ತದೆ, ಅದಕ್ಕೆ ಹೀಟರ್ ಪ್ಲಗ್ ಬೇಕೇ ಬೇಕು. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ತೆಗೆದು, 12 ವೋಲ್ಟ್ ಬಲ್ಬಿನ ಒಂದು ತಂತಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಪ್ಲಗ್ಗಿನ ತುದಿಗೆ ಕೊಡಿ. ಬಲ್ಬು ಉರಿಯದ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಎರಡು ಸತ್ತರೂ ಮಲೆನಾಡಿನ ಚಳಿಗೆ ನೀವು ಹೇಳಿದ ಲಕ್ಷಣವೇ ಕಾಣುತ್ತದೆ. ಎಂಜಿನ್ ತಿರುಗಿಸುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ, ಅರ್ಥಿಂಗ್ ಪಟ್ಟಿ ಕೂಡ ನೋಡಿ.

ಪ್ಲಗ್ ಸರಿಯಿದ್ದರೆ ಕಾರಣ ಡೀಸೆಲ್ ಪೈಪಿಗೆ ಹೊಕ್ಕ ಏರ್ (ಗಾಳಿ). ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ಮರಳುತ್ತದೆ. ಫಿಲ್ಟರಿನ ಮುಂಚೆ ಒಂದಡಿ ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಪೈಪು, ಕ್ಲಿಪ್ಪು, ತಾಮ್ರದ ವಾಷರು ಬದಲಿಸಿ, ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಏರ್ ತೆಗೆಯಿರಿ.

ಪ್ರಶ್ನೆ: ಗೇರ್ ಬಾಕ್ಸಿಗೂ ಹೌಸಿಂಗಿಗೂ ಒಂದೇ ಆಯಿಲ್ ಹಾಕಬಹುದೇ? ಬ್ರೇಕ್ ಆಯಿಲ್ ಎಷ್ಟು ದಿನಕ್ಕೆ ಬದಲಿಸಬೇಕು? — ಓದುಗರು, ಸಕಲೇಶಪುರ

ಉತ್ತರ: ಬೇಡ. ಹೌಸಿಂಗಿಗೆ ಬೇಕಾದ ಜಿಎಲ್-5ರಲ್ಲಿರುವ ಗಂಧಕದ ಅಂಶ ಗೇರ್ ಬಾಕ್ಸಿನ ಹಿತ್ತಾಳೆ ಸಿಂಕ್ರೋ ರಿಂಗುಗಳನ್ನು (ಗೇರ್ ಸರಾಗವಾಗಿ ಬೀಳಿಸುವ ಬಳೆಗಳು) ತಿನ್ನಬಹುದು. ಅಲ್ಲಿಗೆ ಜಿಎಲ್-4 ಹಾಕಿ. ಡಬ್ಬದ ಮೇಲೆ ಬರೀ 90 ನಂಬರ್ ನೋಡಿ ಕೊಳ್ಳುವುದರಿಂದಲೇ ಈ ತಪ್ಪಾಗುವುದು.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಕುದಿಯುವುದು ಕನಿಷ್ಠ 205 ಡಿಗ್ರಿಗೆ, ತೇವ ಹೀರಿದ ಮೇಲೆ ಅದು 140ರವರೆಗೆ ಇಳಿಯಬಹುದು. ಉದ್ದದ ಘಾಟಿ ಇಳಿಯುವಾಗ ಡ್ರಮ್ ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಡ್ರಮ್ ಬಿಚ್ಚಿದಾಗ ಶೂ ಒದ್ದೆಯಿದ್ದರೆ ಮೂಸಿ ನೋಡಿ. ಗೇರ್ ಆಯಿಲಿನ ಕಟುವಾಸನೆ ಬಂದರೆ ಹೌಸಿಂಗ್ ಸೀಲ್ ಹೋಗಿದೆ, ಇಲ್ಲದಿದ್ದರೆ ವೀಲ್ ಸಿಲಿಂಡರಿನ ರಬ್ಬರ್. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ. ಬಿಸಿಯಾದೊಡನೆ ಒಳಗಿನ ಎಣ್ಣೆ ಮೇಲೆ ಬಂದು ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಎರಡೂ ಬದಿಯ ಶೂ ಒಟ್ಟಿಗೇ ಬದಲಿಸಿ.