ಮತದಾನ ಗುಪ್ತವಾಗಿದ್ದರೂ ಯಾವ ಊರು ಯಾರಿಗೆ ಹಾಕಿತು ಅಂತ ಪಕ್ಷಗಳಿಗೆ ಹೇಗೆ ಗೊತ್ತಾಗುತ್ತದೆ?

ಭಾರತದಲ್ಲಿ ಇವಿಎಂ ಎಣಿಕೆ ಮತಗಟ್ಟೆವಾರು ನಡೆಯುವುದರಿಂದ. ನೀವೊಬ್ಬರು ಯಾರಿಗೆ ಹಾಕಿದಿರಿ ಅಂತ ಗೊತ್ತಾಗುವುದಿಲ್ಲ. ಆದರೆ ಪ್ರತಿ ಮತಗಟ್ಟೆಯ ಲೆಕ್ಕ ಫಾರಂ 20ರಲ್ಲಿ, ಅಂದರೆ ಅಂತಿಮ ಫಲಿತಾಂಶದ ಪಟ್ಟಿಯಲ್ಲಿ, ಎಲ್ಲರಿಗೂ ಸಿಗುತ್ತದೆ.

ಒಂದು ಮತಗಟ್ಟೆಗೆ ಸಾಮಾನ್ಯವಾಗಿ ಸಾವಿರದ ಆಸುಪಾಸು ಮತದಾರರು. ಅಂದರೆ ಒಂದು ಸಣ್ಣ ಹಳ್ಳಿ, ಇಲ್ಲವೇ ಒಂದೆರಡು ಕೇರಿ. ಮತ ಬೀಳದ ಕೇರಿಯ ರಸ್ತೆ, ಬೋರ್‌ವೆಲ್ ಕೆಲಸ ತಡೆಯುವುದು ಗೆದ್ದವರಿಗೆ ಸುಲಭ, ಅಲ್ವಾ? ಮೊದಲೇ ಹಾಗಂತ ಬೆದರಿಸುವುದು ಇನ್ನೂ ಸುಲಭ. ಸರ್ಕಾರಿ ಸೌಲಭ್ಯವನ್ನೇ ನಂಬಿದ ಬಡವರಿಗೆ ಈ ಭಯ ಜಾಸ್ತಿ.

ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಪೆಟ್ಟಿಗೆಗಳದ್ದನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಇವಿಎಂಗೂ ಅಂಥ ದಾರಿ ಇದೆ: ಹಲವು ಯಂತ್ರಗಳ ಮತ ಕೂಡಿಸಿ ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್. ಚುನಾವಣಾ ಆಯೋಗ 2008ರಲ್ಲೇ ಇದನ್ನು ಕೇಳಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನನ್ನ ಪ್ರಕಾರ ಅದು ತಪ್ಪು ನಿರ್ಧಾರ.