ಫೋಮಿನ ಎದೆಕವಚ ಹಳೇ ಕಬ್ಬಿಣದಂತೆ ಕಾಣಬೇಕಾದರೆ ಬಣ್ಣ ಹೇಗೆ ಹಚ್ಚಬೇಕು?

ನೀವು ಕೇಳಿರುವುದು ಇಷ್ಟು: ಚಿತ್ರದುರ್ಗದ ನಿಮ್ಮ ಕಾಲೇಜಿನಲ್ಲಿ ಓಬವ್ವನ ನಾಟಕ. ಹೈದರಾಲಿಯ ಆರು ಸೈನಿಕರಿಗೆ ಇವಿಎ ಫೋಮಿನಲ್ಲಿ (ಮೆತ್ತಗೆ ಬಾಗುವ ಪ್ಲಾಸ್ಟಿಕ್ ಹಾಳೆ) ಎದೆಕವಚ, ಶಿರಸ್ತ್ರಾಣ, ಗುರಾಣಿ ಮಾಡಿದ್ದೀರಿ. ಕೆಲವಕ್ಕೆ ಸಿಲ್ವರ್ ಸ್ಪ್ರೇ ಹೊಡೆದು ನೋಡಿದರೆ ಮದುವೆಗೆ ಉಡುಗೊರೆ ಬಂದ ಸ್ಟೀಲ್ ಡಬರಿಯಂತೆ ಹೊಳೆಯುತ್ತವೆ, ತೊಟ್ಟು ಬಗ್ಗಿದರೆ ಬಣ್ಣ ಸೀಳು ಬಿಡುತ್ತದೆ. ಪಿವಿಸಿ ಪೈಪಿನ ಒನಕೆ ಪೈಪಾಗಿಯೇ ಕಾಣುತ್ತದೆ. ಹತ್ತು ದಿನ ಉಳಿದಿದೆ.

ಹತ್ತು ದಿನ ಧಾರಾಳವಾಯಿತು, ಅದರಲ್ಲಿ ಅರ್ಧ ಒಣಗಿಸುವುದಕ್ಕೇ ಹೋಗುತ್ತದೆ.

ಸೀಳು ಬಿಡುವುದಕ್ಕೆ ಒಂದು ಕಾರಣ, ಆಟಿಕೆಯಂತೆ ಕಾಣುವುದಕ್ಕೆ ಇನ್ನೊಂದು. ಫೋಮು ಬಾಗುತ್ತದೆ, ಮೇಲಿನ ಗಟ್ಟಿ ಬಣ್ಣ ಬಾಗುವುದಿಲ್ಲ. ಸಾಲದ್ದಕ್ಕೆ ಫೋಮಿನ ಮೈತುಂಬ ಸಣ್ಣ ತೂತುಗಳು. ಮೊದಲ ಕೋಟು ಅಲ್ಲೇ ಇಂಗುತ್ತದೆ, ಮತ್ತೆ ಮತ್ತೆ ಹೊಡೆದು ಬಣ್ಣ ದಪ್ಪವಾಗುತ್ತದೆ, ದಪ್ಪವಾದಷ್ಟೂ ಬೇಗ ಒಡೆಯುತ್ತದೆ. ಇನ್ನು ಆಟಿಕೆಯಂತೆ ಕಾಣುವುದು ಮೈಯೆಲ್ಲ ಒಂದೇ ಹೊಳಪು ಇರುವುದರಿಂದ. ಬಳಸಿದ ಕಬ್ಬಿಣ ಹಾಗಿರುವುದಿಲ್ಲ. ಮನೆಯ ಹಳೇ ಈಳಿಗೆಮಣೆ ತೆಗೆದು ನೋಡಿ: ಅಲಗಿನ ಬಾಯಿ ಬೆಳ್ಳಗೆ, ಬೆನ್ನು ಕಪ್ಪಗೆ, ಮಣೆಗೆ ಸೇರುವ ಬುಡದಲ್ಲಿ ತುಕ್ಕು. ಉಜ್ಜುವಲ್ಲಿ ಮಿರುಗು, ನೀರು ನಿಲ್ಲುವಲ್ಲಿ ತುಕ್ಕು, ಬೆರಳು ಹೋಗದ ಸಂದಿನಲ್ಲಿ ಜಿಡ್ಡು. ಬಣ್ಣ ಹಚ್ಚುವಾಗ ಅದು ಎದುರಿಗೇ ಇರಲಿ, ವಿಡಿಯೋ ನೋಡುವುದಕ್ಕಿಂತ ವಾಸಿ.

ಈಗಾಗಲೇ ಸಿಲ್ವರ್ ಹೊಡೆದವನ್ನು ಥಿನ್ನರಿನಲ್ಲಿ ತೊಳೆಯಬೇಡಿ. ಫೋಮು ಉಬ್ಬುತ್ತದೆ, ಅಂಟಿಸಿದ ಜೋಡಣೆಯೂ ಬಿಡುತ್ತದೆ. ಮಾಸ್ಕಿಂಗ್ ಟೇಪು ಒತ್ತಿ ಕಿತ್ತರೆ ಸಡಿಲ ಚಕ್ಕೆಗಳು ಎದ್ದು ಬರುತ್ತವೆ. ಉಳಿದದ್ದನ್ನು 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇವಕ್ಕೆ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿಯಬೇಡಿ, ಬಣ್ಣ ಗುಳ್ಳೆ ಏಳುತ್ತದೆ. ನೇರವಾಗಿ ತೂತು ಮುಚ್ಚುವ ಲೇಪನಕ್ಕೆ ಹೋಗಿ.

ಬಣ್ಣ ಕಾಣದ ತುಂಡುಗಳಿಗೆ ಮೊದಲು ಏಟಿನ ಗುರುತು ಮಾಡಿಕೊಳ್ಳಿ. ಕತ್ತಿಯೇಟಿಗೆ ಬ್ಲೇಡಿನಲ್ಲಿ 1 ಮಿ.ಮೀ. ಆಳ ಗೀರಿದರೆ ಸಾಕು, ಬಿಸಿ ತಾಗಿದಾಗ ಗೀರು ತಾನೇ ಬಾಯಿ ತೆರೆಯುತ್ತದೆ. ತಗ್ಗಿಗೆ ಫೋಮನ್ನು ಬಿಸಿ ಮಾಡಿ ಚಮಚದ ಬೆನ್ನಿನಿಂದ ಒತ್ತಿ, ಆರುವತನಕ ಹಿಡಿದುಕೊಳ್ಳಿ. ಅಂಚುಗಳನ್ನು 120, ಆಮೇಲೆ 220ರಲ್ಲಿ ಉಜ್ಜಿ. ಉಜ್ಜಿದ ನಂತರವೇ ಪೂರ್ತಿ ಮೈಗೆ ಬಿಸಿ ಕೊಡಬೇಕು, ಮೊದಲೇ ಕೊಟ್ಟರೆ ಉಜ್ಜಿದಾಗ ತೂತುಗಳು ಮತ್ತೆ ತೆರೆದುಕೊಳ್ಳುತ್ತವೆ. ಹೀಟ್ ಗನ್ 10–15 ಸೆಂ.ಮೀ. ದೂರದಲ್ಲಿರಲಿ, ಒಂದೇ ಕಡೆ ನಿಲ್ಲದಿರಲಿ. ಮಂಕಾದ ಮೈ ತುಸು ಹೊಳಪಿಗೆ ತಿರುಗಿತೋ, ಅಲ್ಲಿಗೆ ಸಾಕು. ತಲೆಗೂದಲು ಒಣಗಿಸುವ ಡ್ರೈಯರಿನ ಬಿಸಿ ಇದಕ್ಕೆ ಸಾಲದು. ಗ್ಯಾಸ್ ಒಲೆಯ ಉರಿಯಂತೂ ಬೇಡವೇ ಬೇಡ, ಕರಗಿ ಹೊಗೆ ಕಾರುತ್ತದೆ.

ಲೇಪನಕ್ಕೆ ಎರಡು ದಾರಿ. ಶಿರಸ್ತ್ರಾಣ, ಗುರಾಣಿಯಂಥ ಬಾಗದ ವಸ್ತುಗಳಿಗೆ ಫೆವಿಕಾಲ್ ಸಾಕು: ಮೊದಲ ಕೋಟು ಅಂಟು ನೀರು ಸಮಸಮ, ಆಮೇಲಿನ ಎರಡು ಕೋಟಿಗೆ ಎರಡು ಪಾಲು ಅಂಟಿಗೆ ಒಂದು ಪಾಲು ನೀರು. ಬಿಳಿ ಹೋಗಿ ಪೂರ್ತಿ ಪಾರದರ್ಶಕವಾಗುವ ತನಕ ಮುಂದಿನ ಕೋಟು ಬೇಡ. ಎದೆಕವಚದ ಪಕ್ಕೆ, ಹೆಗಲು ಬಾಗುತ್ತಲೇ ಇರುತ್ತವಾದ್ದರಿಂದ ಅಲ್ಲಿಗೆ ಟೆರೇಸಿಗೆ ಹೊಡೆಯುವ ಅಕ್ರಿಲಿಕ್ ವಾಟರ್‌ಪ್ರೂಫ್ ಲೇಪನ ವಾಸಿ. ಬಿಸಿಲಿಗೆ ಹಿಗ್ಗಿ ಕುಗ್ಗುವ ತಾರಸಿಗಾಗಿಯೇ ಮಾಡಿದ್ದು ಅದು, ರಬ್ಬರಿನಂತೆ ಬಗ್ಗುತ್ತದೆ. ಹತ್ತನೇ ಒಂದು ಪಾಲು ನೀರು ಬೆರೆಸಿ ಎರಡು ತೆಳು ಕೋಟು, ನಡುವೆ ಆರು ಗಂಟೆ ಬಿಡುವು. ಒಣಗಿದ ಮೇಲೂ ಕೈಗೆ ತುಸು ಅಂಟುತ್ತದೆ, ಮೇಲೆ ಬಣ್ಣ ಬಿದ್ದರೆ ಆ ಅಂಟು ಹೋಗುತ್ತದೆ. ಒಂದು ಕವಚಕ್ಕೆ ಒಂದು ಕೋಟಿಗೆ ಸುಮಾರು 50 ಮಿ.ಲೀ. ಲೆಕ್ಕ ಇಟ್ಟುಕೊಳ್ಳಿ, ಒಂದು ಲೀಟರ್ ಡಬ್ಬಿಯಲ್ಲಿ ಆರೂ ಮುಗಿಯುತ್ತವೆ. ಆದರೆ ಎಲ್ಲಕ್ಕೂ ಮೊದಲು ಅಂಗೈ ಅಗಲದ ಚೂರಿನ ಮೇಲೆ ಕೊನೆಯ ಕೋಟಿನವರೆಗೂ ಪೂರ್ತಿ ಮಾಡಿ, ಹತ್ತು ಸಲ ಮಡಚಿ ನೋಡಿ. ಒಡೆಯದಿದ್ದರೆ ಕವಚಕ್ಕೆ ಕೈ ಹಾಕಿ. ಗುರಾಣಿಯಲ್ಲಿ ಎಲ್ಲಾದರೂ ಥರ್ಮಾಕೋಲ್ ಸೇರಿಸಿದ್ದರೆ ಅಲ್ಲಿಗೆ ಫೆವಿಕಾಲ್ ಮತ್ತು ನೀರಿನ ಬಣ್ಣ ಮಾತ್ರ. ಸ್ಪ್ರೇ ಡಬ್ಬಿಯ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ.

ಈಗ ಬಣ್ಣ. ತಳಕ್ಕೆ ಕಪ್ಪು ಅಕ್ರಿಲಿಕ್, ಅದಕ್ಕೆ ಚಿಟಿಕೆ ಕಡುಕಂದು. ಒಣಗಿದ ಮೇಲೆ ಎರಡು ಪಾಲು ಸಿಲ್ವರಿಗೆ ಒಂದು ಪಾಲು ಕಪ್ಪು ಕಲಸಿ. ಅಂಗಡಿಯ ಸಿಲ್ವರ್ ಅಲ್ಯೂಮಿನಿಯಂ ಬಣ್ಣ, ಕಬ್ಬಿಣಕ್ಕೆ ಅದು ತೀರಾ ಬಿಳಿ. ಬ್ರಷ್ ಬೇಡ. ಪಾತ್ರೆ ತಿಕ್ಕುವ ಸ್ಪಾಂಜನ್ನು ಕೈಯಿಂದ ಹರಿದು, ಹರಿದ ಮುಖವನ್ನು ಬಣ್ಣದಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ಒತ್ತಿ ತೆಗೆದು, ಉಳಿದಷ್ಟನ್ನು ಕವಚದ ಮೇಲೆ ತಟ್ಟಿ. ಅಲ್ಲಲ್ಲಿ ಕಪ್ಪು ಇಣುಕಲಿ. ಅದಕ್ಕಿಂತ ಅಗ್ಗದ, ನನ್ನ ಪ್ರಕಾರ ಹೆಚ್ಚು ಚೆಂದದ ದಾರಿ ಗ್ರಾಫೈಟ್: 8ಬಿ ಪೆನ್ಸಿಲಿನ ಕಡ್ಡಿಯನ್ನು ಸ್ಯಾಂಡ್ ಪೇಪರಿಗೆ ಉಜ್ಜಿ ಪುಡಿ ಮಾಡಿ, ಬೆರಳಿಗೆ ಬಟ್ಟೆ ಸುತ್ತಿ ಕಪ್ಪು ತಳದ ಮೇಲೆ ತಿಕ್ಕಿದರೆ ಬರುವ ಮಿರುಗು ಯಾವ ಸಿಲ್ವರಿಗೂ ಬಾರದು. ಕೈಗೆ ಬರುತ್ತದೆ, ಹಾಗಾಗಿ ಮೇಲೆ ವಾರ್ನಿಷ್ ಬೀಳಲೇಬೇಕು.

ಸಂದುಗಳಿಗೆ ಜಿಡ್ಡು ಕೂರಿಸುವ ತೆಳು ಬಣ್ಣವೇ ಈ ಕೆಲಸದ ಜೀವ. ಒಂದು ಚಮಚ ಕಪ್ಪು, ಒಂದು ಚಮಚ ಕಡುಕಂದು, ಆರು ಚಮಚ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಲಿಕ್ವಿಡ್ ಇಲ್ಲದಿದ್ದರೆ ಬಣ್ಣ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡುಗುಂಡಾಗಿ ನಿಲ್ಲುತ್ತದೆ. ಒಂದು ಸಲಕ್ಕೆ ಅಂಗೈ ಅಗಲ ಮಾತ್ರ ಹಚ್ಚಿ, ಒಂದು ನಿಮಿಷ ಬಿಟ್ಟು, ಹಳೇ ಬನಿಯನ್ನನ್ನು ಒದ್ದೆ ಮಾಡಿ ಹಿಂಡಿ, ಮೇಲಿನಿಂದ ಕೆಳಕ್ಕೆ ಒರೆಸಿ. ಮಳೆ ನೀರು ಹರಿಯುವ ದಿಕ್ಕು ಅದು, ಅಡ್ಡಡ್ಡ ಒರೆಸಿದರೆ ನೆಲ ಒರೆಸಿದಂತೆ ಕಾಣುತ್ತದೆ. ದುರ್ಗದ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಒರೆಸುವ ಮೊದಲೇ ಒಣಗಿ ಅಂಚುಗಟ್ಟುತ್ತದೆ. ಫ್ಯಾನ್ ಆರಿಸಿ, ಅಥವಾ ಮೆಡಿಕಲ್ ಅಂಗಡಿಯ ಗ್ಲಿಸರಿನ್ ಎರಡು ಹನಿ ಹಾಕಿ. ಹೆಚ್ಚಾದರೆ ಒಣಗುವುದೇ ಇಲ್ಲ. ಸಿಲ್ವರ್ ಸ್ಪ್ರೇ ಉಳಿಸಿಕೊಂಡ ತುಂಡುಗಳಿಗೆ ಇದನ್ನೇ ಎರಡು ಸಲ ಮಾಡಿದರೆ ಡಬರಿಯ ಕಳೆ ಹೋಗುತ್ತದೆ.

ಒಣಗಿದ ಮೇಲೆ ಅಂಚುಗಳಿಗೆ ಬರಿ ಸಿಲ್ವರ್. ಬ್ರಷ್ಷಿಗೆ ಬಣ್ಣ ಹಿಡಿದು, ಬಣ್ಣವೇ ಇಲ್ಲ ಅನ್ನಿಸುವವರೆಗೂ ಪೇಪರಿಗೆ ಒರೆಸಿ, ಆಮೇಲೆ ಉಬ್ಬು ಅಂಚುಗಳ ಮೇಲಷ್ಟೇ ಎಳೆಯಿರಿ. ಎಲ್ಲಿಗೆ ಎನ್ನುವುದನ್ನು ಯೋಚಿಸಿ ಹಚ್ಚಿ: ಕತ್ತಿಯ ಪಟ್ಟಿ ಉಜ್ಜುವ ಸೊಂಟದ ಎಡಬದಿ, ತೋಳು ತಾಗುವ ಕಂಕುಳ ಅಂಚು, ಗುರಾಣಿಯ ಸುತ್ತಂಚು. ನಮ್ಮ ದೇಶದ ದುಂಡು ಗುರಾಣಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗುಬ್ಬಿಗಳು, ಅಂದರೆ ಲೋಹದ ಉಬ್ಬು ಬಿಲ್ಲೆಗಳು, ಇರುತ್ತವೆ, ಹಿಂದಿನ ಹಿಡಿಯ ಮೊಳೆಗಳು ಅಲ್ಲಿಗೇ ಬರುತ್ತವೆ. ನಿಮ್ಮದರಲ್ಲಿ ಇಲ್ಲದಿದ್ದರೆ ಫೋಮಿನ ಬಿಲ್ಲೆ ಅಂಟಿಸಿ. ಗುಬ್ಬಿಯ ನೆತ್ತಿ ಮಿರುಗಲಿ, ಬುಡ ಕಪ್ಪಾಗಿರಲಿ.

ತುಕ್ಕಿಗೆ ದುಡ್ಡು ಸುರಿಯಬೇಡಿ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದು ಐರನ್ ಆಕ್ಸೈಡ್, ಅಂದರೆ ತುಕ್ಕಿನ ಒಡಹುಟ್ಟು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ, ಜರಡಿ ಹಿಡಿದ ಮರದ ಹೊಟ್ಟು ಚಿಟಿಕೆ ಸೇರಿಸಿದರೆ ಒರಟು ಮೈ ಬರುತ್ತದೆ. (ಹೊಟ್ಟು ಸಿಗಲಿಲ್ಲವೆಂದು ರಾಗಿಹಿಟ್ಟು ಹಾಕಬೇಡಿ, ಮುಂದಿನ ಪ್ರದರ್ಶನಕ್ಕೆ ಹುಳು ಹಿಡಿದಿರುತ್ತದೆ.) ಮೊದಲು ಕಡುಕಂದು ಅಗಲವಾಗಿ, ಅದರೊಳಗೆ ಆಕ್ಸೈಡ್ ಸ್ವಲ್ಪ ಕಡಿಮೆ, ಅದರೊಳಗೆ ಕಿತ್ತಳೆ ಸಾಸಿವೆಯಷ್ಟು. ಮೊಳೆಗಳ ಕೆಳಗೆ, ಪಟ್ಟಿಯ ಮೇಲೆ ಪಟ್ಟಿ ಕೂರುವ ಸಂದಿನಲ್ಲಿ, ಕವಚದ ಕೆಳ ಅಂಚಿನಲ್ಲಿ ಸಾಕು. ಕತ್ತಿಯ ಅಲಗಿಗೆ ತುಕ್ಕು ಬೇಡ. ಕೋಟೆ ಹಿಡಿಯಲು ಬಂದ ಸೈನ್ಯದವರು ಆಯುಧಕ್ಕೆ ಎಣ್ಣೆ ಹಾಕಿ ಮಸೆದೇ ಬಂದಿರುತ್ತಾರೆ, ಅಲಗಿನ ಮೇಲೆ ಗೀರುಗಳಿದ್ದರೆ ಸಾಕು. ಹೊಸಬರ ಕೈಯಲ್ಲಿ ಹೆಚ್ಚು ಕೆಡುವುದು ಇಲ್ಲೇ, ತುಕ್ಕು ಚೆನ್ನಾಗಿ ಬಂತೆಂದು ಮೈತುಂಬ ಬಳಿದು ಗುಜರಿ ಅಂಗಡಿ ಮಾಡಿಬಿಡುತ್ತಾರೆ.

ಒನಕೆಗೆ ಇದೇ ತರ್ಕ ತಿರುಗಿಸಿ. ಪಿವಿಸಿಯ ನುಣುಪು ಮೈಗೆ ಬಣ್ಣ ಹಿಡಿಯದು, 80 ನಂಬರಿನ ಪೇಪರಿನಿಂದ ಉದ್ದಕ್ಕೆ ಗೀರುಗೀರಾಗಿ ಉಜ್ಜಿ. ಆ ಗೀರುಗಳೇ ಮರದ ಎಳೆ. ತಿಳಿಕಂದು ತಳ ಹಚ್ಚಿ, ಮೇಲೆ ಸಂದಿಗೆ ಹಚ್ಚಿದ ತೆಳು ಬಣ್ಣವನ್ನೇ ಹಚ್ಚಿ ಒರೆಸಿದರೆ ಎಳೆ ಎದ್ದು ಕಾಣುತ್ತದೆ. ಕೈ ಹಿಡಿಯುವ ನಡುಭಾಗ ಕಪ್ಪಾಗಿ ಎಣ್ಣೆ ಹಚ್ಚಿದಂತೆ ಹೊಳೆಯಬೇಕು, ಅಲ್ಲಿಗೆ ಮಾತ್ರ ಹೊಳಪಿನ (ಗ್ಲಾಸಿ) ವಾರ್ನಿಷ್. ತುದಿಯ ಕಬ್ಬಿಣದ ಬಳೆ ದಿನಾ ಕುಟ್ಟಿ ಕುಟ್ಟಿ ಬೆಳ್ಳಗಾಗಿರುತ್ತದೆ, ಅದಕ್ಕೆ ತುಕ್ಕು ಹಚ್ಚಿದರೆ ಆ ಮನೆಯಲ್ಲಿ ಭತ್ತವೇ ಕುಟ್ಟುತ್ತಿರಲಿಲ್ಲ ಎಂದಾಗುತ್ತದೆ. ರಕ್ತದ ಕೆಂಪಿಗೆ ಮೂರನೇ ಒಂದು ಪಾಲು ಕಡುಕಂದು ಬೆರೆಸಿ. ಪೈಪಿನ ತುದಿಗೆ 10 ಮಿ.ಮೀ. ಫೋಮು ಸುತ್ತಿರಿ, ಕಿಂಡಿಯ ದೃಶ್ಯದಲ್ಲಿ ಪೆಟ್ಟು ನಿಜವಾಗಿಯೇ ಬೀಳುವುದುಂಟು.

ಧೂಳು ಹಾಕುವುದಾದರೆ ಕೋಟೆ ಸುತ್ತಲಿನ ಕೆಮ್ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ ಬಳಸಿ. ಹೊಲದ ಎರೆಮಣ್ಣು ದೀಪದಡಿ ಬರಿ ಕೊಳೆಯಂತೆ ಕಾಣುತ್ತದೆ. ಮೊಣಕಾಲ ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ.

ದೀಪದ ಮಾತು ಬಂದಾಗ: ಕೆಂಪು ದೀಪದಲ್ಲಿ ತುಕ್ಕು ಮಾಯವಾಗುತ್ತದೆ, ನೀಲಿ ದೀಪದಲ್ಲಿ ಕಪ್ಪಾಗುತ್ತದೆ. ನಿಮ್ಮ ದೃಶ್ಯ ರಾತ್ರಿಯದಾಗಿ ನೀಲಿ ದೀಪ ಇದ್ದರೆ ತುಕ್ಕಿನ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ, ಅಂಚಿನ ಬೆಳ್ಳಿಯನ್ನು ಇಮ್ಮಡಿ ಮಾಡಿ. ಸಾಣೇಹಳ್ಳಿಯಂಥ ಬಯಲು ರಂಗಮಂದಿರದ ಹಿಂದಿನ ಮೆಟ್ಟಿಲಿನಲ್ಲಿ ಕೂತವರಿಗೆ ಕಪ್ಪು ಬಿಳುಪಿನ ವ್ಯತ್ಯಾಸವಷ್ಟೇ ತಲುಪುತ್ತದೆ. ಕವಚವನ್ನು ವೇದಿಕೆಯಲ್ಲಿಟ್ಟು ಕೊನೆಯ ಸಾಲಿನಿಂದ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಒಂದೇ ಬೂದು ಮುದ್ದೆಯಾಗಿ ಬಂದರೆ ಸಂದು ಇನ್ನೂ ಕಪ್ಪಾಗಬೇಕು.

ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಎರಡು ತೆಳು ಕೋಟು. ಫೆವಿಕಾಲ್ ಬೆವರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ಇದನ್ನು ಬಿಡುವಂತಿಲ್ಲ. ಸ್ಪ್ರೇ ವಾರ್ನಿಷನ್ನು ಮಳೆ ಮೋಡದ ದಿನ ಹೊಡೆದರೆ ಗಾಳಿಯ ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದರೆ ಒಣ ದಿನ ಮಧ್ಯಾಹ್ನ ಇನ್ನೊಂದು ತೆಳು ಕೋಟು ಹೊಡೆದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಒಳಮೈಗೆ ಹತ್ತಿಬಟ್ಟೆ ಅಂಟಿಸಿ, ಇಲ್ಲದಿದ್ದರೆ ಬಿಳಿ ಅಂಗಿಗೆಲ್ಲ ಬಣ್ಣ. ಪ್ರದರ್ಶನದವರೆಗೆ ಒಂದರ ಮೇಲೊಂದು ಪೇರಿಸದೆ ನೇತುಹಾಕಿ. ಜಾಗ ಇಲ್ಲದಿದ್ದರೆ ನಡುವೆ ಹಳೇ ಬಟ್ಟೆ ಹಾಸಿ, ನ್ಯೂಸ್ ಪೇಪರ್ ಹಾಸಿದರೆ ಅಕ್ಷರಗಳು ಕವಚಕ್ಕೆ ಅಂಟಿಕೊಂಡು ಬರುತ್ತವೆ.